ಬಣ್ಣ ಬದಲಾಯಿಸುವ ಸ್ವಿಚ್ ಇರೋ ಚಿಕ್ಕ ಟಾರ್ಚಿಗೆ 400 ರೂಪಾಯಿ ಜಾಸ್ತಿ ಕೊಡಬಹುದಾ?

ನೀವು ಕೇಳಿರುವುದು ಇಷ್ಟು ಅಲ್ವಾ: ಇರೋದು ಹಾಸನದಲ್ಲಿ, ವಾರಕ್ಕೊಮ್ಮೆ ಸಕಲೇಶಪುರದ ಹತ್ತಿರ ತೋಟಕ್ಕೆ ಹೋಗುತ್ತೀರಿ, ಜೇಬಿಗೆ ಹಿಡಿಸುವ ಟಾರ್ಚ್ ಬೇಕು. ನೋಡಿರುವ ಎರಡರಲ್ಲಿ ಒಂದರ ಸ್ವಿಚ್ ಒಳಗೆ ಹಸಿರು, ಕಿತ್ತಳೆ, ಕೆಂಪು ಲೈಟ್ ಬರುತ್ತದೆ, ಅದಕ್ಕೆ 400 ಜಾಸ್ತಿ. ಕೆಲಸಕ್ಕೆ ಬರುತ್ತದಾ, ಸುಮ್ನೆ ಶೋಕಿಯಾ?

ಕೆಲಸಕ್ಕೆ ಬರುತ್ತದೆ. ಆದರೆ ನನಗೆ ಹೆಚ್ಚು ಉಪಯೋಗವಾಗಿರುವುದು ಬಣ್ಣಕ್ಕಿಂತ ಆ ಸ್ವಿಚ್ಚಿನ ಬೆಳಕೇ.

ನಾನು ಮೂಡಿಗೆರೆ ಕಡೆಯವನು. ಇಂಥದ್ದೊಂದು ಟಾರ್ಚ್ ನನ್ನ ಹತ್ತಿರ ಎರಡು ಮಳೆಗಾಲ ಕಳೆದಿದೆ. (ನಮ್ಮಲ್ಲಿ ಹಳಬರು ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ, ಒಳಗೆ ಹಾಕೋದು ಸೆಲ್ಲು. ನಾನೂ ಸೆಲ್ ಅಂತಲೇ ಬರೆಯುತ್ತೇನೆ.) ಜುಲೈ ತಿಂಗಳ ರಾತ್ರಿ ಕರೆಂಟ್ ಹೋಗಿ, ನಾಯಿಗಳು ಒಂದೇ ಸಮ ಬೊಗಳುತ್ತಿರುವಾಗ ಎದ್ದರೆ ಮೊದಲು ಬೇಕಾಗಿರುವುದು ಟಾರ್ಚ್ ಎಲ್ಲಿದೆ ಅನ್ನೋದು. ಆಫ್ ಆಗಿದ್ದಾಗಲೂ ಸ್ವಿಚ್ಚಿನಲ್ಲಿ ಒಂದು ಸಣ್ಣ ಹಸಿರು ಚುಕ್ಕಿ ಉರಿಯುತ್ತಿದ್ದರೆ ಕೈ ಸೀದಾ ಅದರ ಮೇಲೇ ಹೋಗುತ್ತದೆ, ಇಲ್ಲದಿದ್ದರೆ ತಡಕಾಡಿ ನೀರಿನ ಚೊಂಬು ಉರುಳಿಸುವುದೇ. ಇಷ್ಟಕ್ಕೇ ನಾನು 400 ಕೊಡುತ್ತೇನೆ.

ಇನ್ನು ಬಣ್ಣ. ಅದು ತೋರಿಸುವುದು ಸೆಲ್ಲಿನ ವೋಲ್ಟೇಜು, ಎಷ್ಟು ಚಾರ್ಜ್ ಉಳಿದಿದೆ ಅಂತ ಅಲ್ಲ. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಮೀಟರ್ ಹಿಡಿದು ನೋಡಿದೆ: ನನ್ನದರಲ್ಲಿ 3.8ರ ತನಕ ಹಸಿರು, 3.4ರ ತನಕ ಕಿತ್ತಳೆ, ಅದರ ಕೆಳಗೆ ಕೆಂಪು. ಅಂದರೆ ಹಸಿರು ಇದೆ ಅಂದರೆ ಫುಲ್ ಇರಬಹುದು, ಹೆಚ್ಚುಕಡಿಮೆ ಅರ್ಧವೂ ಇರಬಹುದು. ಕೆಂಪು ಬಂದಾಗ ಬಹುಪಾಲು ಖಾಲಿ.

ಇದನ್ನು ಕಲಿತದ್ದು ಒಂದು ಸಲ ಬೇಸಿಗೆಯಲ್ಲಿ. ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು, ರಾತ್ರಿ ಕೆಳಗೆಲ್ಲೋ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತು. ಮನೆ ಬಿಡುವಾಗ ಸ್ವಿಚ್ ಹಸಿರು. ಫುಲ್ ಬ್ರೈಟಿನಲ್ಲಿ ಹತ್ತು ನಿಮಿಷ ನಡೆದಿರಬಹುದು, ಕೆಂಪಾಯಿತು, ಬೆಳಕೂ ಮಂಕಾಯಿತು. ಆಫ್ ಮಾಡಿ ಒಂದು ಬಂಡೆ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ಹಸಿರು! ಪಂಪ್‌ಸೆಟ್ ಶುರುವಾದ ಕೂಡಲೇ ಮನೆ ಬಲ್ಬ್ ಡಿಮ್ ಆಗುತ್ತದಲ್ಲ, ಅದೇ ಕತೆ. ಜಾಸ್ತಿ ಕರೆಂಟ್ ಎಳೆದಾಗ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟರೆ ಏಳುತ್ತದೆ. ಸೆಲ್ ಹಳತಾದಷ್ಟೂ ಕುಸಿತ ಜಾಸ್ತಿ. ನಾನು ಹಾಕಿದ್ದು ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ 18650 ಅನ್ನುವ ಅಳತೆಯ ಲಿಥಿಯಂ ಸೆಲ್, ಜಿಪುಣತನಕ್ಕೆ ತಕ್ಕ ಶಾಸ್ತಿ. ಈಗ ಹೊರಡುವ ಮುಂಚೆ ಅರ್ಧ ನಿಮಿಷ ಫುಲ್ ಬ್ರೈಟಿಗೆ ಹಾಕಿ ಬಣ್ಣ ನೋಡುತ್ತೇನೆ. ಆಗಲೂ ಹಸಿರಿದ್ದರೆ ಧೈರ್ಯವಾಗಿ ಹೋಗಬಹುದು.

ಆಫ್ ಆಗಿದ್ದಾಗಲೂ ಉರಿಯುವ ಲೈಟ್ ಸೆಲ್ ತಿನ್ನುವುದಿಲ್ಲವಾ ಅಂತ ಕೇಳಬಹುದು. ತಿನ್ನುತ್ತದೆ, ಆದರೆ ಎಷ್ಟು ಅನ್ನುವುದು ಟಾರ್ಚಿನ ಮೇಲೆ ನಿಂತಿದೆ. 2600 ಎಂಎಎಚ್ (ಮಿಲಿಆಂಪ್-ಗಂಟೆ) ಸೆಲ್ಲಿನಿಂದ 1 ಮಿಲಿಆಂಪ್ ಎಳೆದರೆ 2600 ಗಂಟೆ, ಅಂದರೆ ಸುಮಾರು ಮೂರೂವರೆ ತಿಂಗಳಿಗೆ ಖಾಲಿ. 0.05 ಮಿಲಿಆಂಪ್ ಆದರೆ ಲೆಕ್ಕದಲ್ಲಿ ಆರು ವರ್ಷದ ಹತ್ತಿರ, ಅದರ ಚಿಂತೆಯೇ ಬೇಡ. ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲಿನ ತಳಕ್ಕೂ ಟಾರ್ಚಿನ ಅಂಚಿಗೂ ಮಧ್ಯೆ ಮಿಲಿಆಂಪ್ ಅಳತೆಗಿಟ್ಟ ಮಲ್ಟಿಮೀಟರ್ ಮುಟ್ಟಿಸಿದರೆ ಗೊತ್ತಾಗುತ್ತದೆ. ಆಗ ಮಾತ್ರ ಅಪ್ಪಿತಪ್ಪಿಯೂ ಸ್ವಿಚ್ ಒತ್ತಬೇಡಿ. ನಾನು ಒತ್ತಿ ಮೀಟರಿನ ಫ್ಯೂಸ್ ಸುಟ್ಟುಕೊಂಡಿದ್ದೇನೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿಡಿ, ಲೈಟ್ ಆರಬೇಕು. ಕೆಲವು ಟಾರ್ಚಲ್ಲಿ ಮುಚ್ಚಳ ತಿರುಗಿಸುವ ಸುತ್ತು ಗೆರೆಗಳಿಗೆ (ಥ್ರೆಡ್) ಕರೆಂಟ್ ತಡೆಯುವ ಬಣ್ಣದ ಲೇಪ ಇರುವುದಿಲ್ಲ, ಬರೀ ಹೊಳೆಯುವ ಲೋಹ. ಅಂಥದ್ದರಲ್ಲಿ ಸಡಿಲ ಮಾಡಿದರೂ ಆರುವುದಿಲ್ಲ, ಸೆಲ್ ತೆಗೆದೇ ಇಡಬೇಕು.

ಇನ್ನೊಂದು ವಿಷಯ, ಮನೆಯಲ್ಲಿ ಬೇರೆಯವರೂ ಟಾರ್ಚ್ ಬಳಸುತ್ತಾರಾ? ನಮ್ಮ ದೊಡ್ಡಪ್ಪನಿಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗುವುದಿಲ್ಲ. ಗಿಡದಲ್ಲಿ ಕಾಫಿ ಹಣ್ಣು ಯಾವುದು ಕಾಯಿ ಯಾವುದು ಅಂತ ಹಿಚುಕಿ ನೋಡುತ್ತಾರೆ. ಅವರ ಕೈಗೆ ಇದನ್ನು ಕೊಟ್ಟಾಗ "ಏನೋ ಇದು, ಯಾವಾಗಲೂ ಒಂದೇ ತರ ಉರಿಯುತ್ತಲ್ಲೋ" ಅಂದರು. ಅಂಥವರಿಗೆ ಬಣ್ಣದ ಜೊತೆ ಮಿಣುಕುವ ಮಾದರಿಯೇ ಆಗಬೇಕು, ಚಾರ್ಜ್ ಕಮ್ಮಿಯಾದಾಗ ಮಿಣುಕಿದರೆ ಯಾರಿಗಾದರೂ ತಿಳಿಯುತ್ತದೆ.

ಅಂಗಡಿಗೆ ಹೋದಾಗ ಟಾರ್ಚನ್ನು ಎರಡೂ ಕೈಯಲ್ಲಿ ಮುಚ್ಚಿ ಕತ್ತಲು ಮಾಡಿ ಸ್ವಿಚ್ ನೋಡಿ. ಆಫ್ ಇದ್ದಾಗ ಲೈಟ್ ಇಲ್ಲ, ಒತ್ತಿದಾಗ ಮಾತ್ರ ನಾಲ್ಕು ಸೆಕೆಂಡ್ ಬಣ್ಣ ಬರುತ್ತದೆ ಅಂದರೆ 400 ಕೊಡಬೇಡಿ, ಆ ದುಡ್ಡಿಗೆ ಇನ್ನೊಂದು ಒಳ್ಳೆ ಸೆಲ್ ತಗೊಳ್ಳಿ.