ಕಲಿತ ಮೇಲೆ ಬಿಟ್ಟುಹೋದರೆ?

ಪ್ರಶ್ನೆ: ಆರು ಮಂದಿ ದುಡಿಯುವ ಸಣ್ಣ ಲೇತ್ (ಲೋಹ ಕಡೆಯುವ ಯಂತ್ರ) ವರ್ಕ್‌ಶಾಪ್ ನನ್ನದು. ಅಪ್ರೆಂಟಿಸ್ ಒಬ್ಬನನ್ನು ಸೇರಿಸಿಕೊಳ್ಳಿ ಎಂದು ಹೇಳುವವರು ಬಹಳ. ಕಲಿಸುತ್ತ ನಿಂತರೆ ಆರ್ಡರ್ ತಡವಾಗುತ್ತದೆ. ಕೈ ಪಳಗಿದ ಮೇಲೆ ಹುಡುಗ ದೊಡ್ಡ ಕಾರ್ಖಾನೆಗೆ ಹೋಗುತ್ತಾನೆ. ನನಗೇನು ಲಾಭ?

ಉತ್ತರ: ನಿಮ್ಮ ಮೊದಲ ಅಂಜಿಕೆ ನಿಜವೇ. ಆರಂಭದ ತಿಂಗಳುಗಳಲ್ಲಿ ಕಲಿಯುವವನು ಹಾಳುಮಾಡುವ ಲೋಹಕ್ಕಿಂತ ಅವನ ಪಕ್ಕದಲ್ಲಿ ನಿಲ್ಲುವ ನುರಿತ ಕೆಲಸಗಾರನ ಸಮಯವೇ ದುಬಾರಿ. ಆದರೆ ಲೆಕ್ಕವನ್ನು ಇಡೀ ತರಬೇತಿಯ ಅವಧಿಗೆ ಹಾಕಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ನಾಲ್ಕು ವರ್ಷಗಳ ಅಪ್ರೆಂಟಿಸ್‌ಶಿಪ್ ಮುಗಿಯುವ ಹೊತ್ತಿಗೆ ಹೆಚ್ಚಿನ ಸಂಸ್ಥೆಗಳಿಗೆ ಹಾಕಿದ ಖರ್ಚು ಕಲಿಯುವವರ ದುಡಿಮೆಯಿಂದಲೇ ಮರಳಿರುತ್ತದೆ. ಅವರನ್ನು ನಿಜವಾದ ಆರ್ಡರ್‌ಗಳ ಕೆಲಸಕ್ಕೆ ಹಚ್ಚುವುದೇ ಇದಕ್ಕೆ ಮುಖ್ಯ ಕಾರಣ.

ನಿಮ್ಮಲ್ಲೂ ಇದು ಸಾಧ್ಯ. ಮೊದಲು ಫೇಸಿಂಗ್, ಅಂದರೆ ತುಂಡಿನ ತುದಿಯನ್ನು ಸಮತಟ್ಟು ಮಾಡುವುದನ್ನು ಕಲಿಸಿ. ಆಮೇಲೆ ಅಂತಿಮ ಅಳತೆಗೆ ಒಂದು ಮಿಲಿಮೀಟರ್ ಉಳಿಸಿ ರಫ್ ಟರ್ನಿಂಗ್ (ತಿರುಗುವ ತುಂಡಿನ ಸುತ್ತಲಿನ ಹೆಚ್ಚುವರಿ ಲೋಹವನ್ನು ಒರಟಾಗಿ ತೆಗೆಯುವುದು) ಮಾಡಿಸಿ. ಕೈ ತುಸು ತಪ್ಪಿದರೂ ಆ ಒಂದು ಮಿಲಿಮೀಟರ್ ತುಂಡನ್ನು ಉಳಿಸುತ್ತದೆ, ಫಿನಿಶಿಂಗ್ ಕಟ್ ಮಾತ್ರ ಹಿರಿಯ ಕೆಲಸಗಾರನ ಪಾಲಿಗಿರುತ್ತದೆ. ಪ್ರತಿ ತುಂಡನ್ನೂ ವರ್ನಿಯರ್ ಹಿಡಿದು ತಾನೇ ಅಳೆದು ಬರೆದಿಡಲಿ. (ಕಸ ಗುಡಿಸುವ ಸರದಿ ಅವನಿಗೂ ಇರಲಿ, ಆದರೆ ಅದನ್ನೇ ತರಬೇತಿ ಎಂದು ಕರೆಯಬೇಡಿ.)

ಇನ್ನು ಬಿಟ್ಟುಹೋಗುವ ಮಾತು. ಇಂಗ್ಲೆಂಡ್‌ನ 1563ರ ಕಾಯ್ದೆ ಕಲಿಯುವವರನ್ನು ಏಳು ವರ್ಷ ಕಟ್ಟಿಹಾಕಿತ್ತು. 1814ರಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ಬಾಂಡ್ ಬರೆಸಿಕೊಂಡು ಹಿಡಿದಿಟ್ಟವನ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ. ತರಬೇತಿಯ ಕೊನೆಯ ಭಾಗದಲ್ಲೇ ನಿಮ್ಮ ಹಣ ಮರಳುವಂತೆ ಕೆಲಸ ಹಂಚಿದ್ದರೆ ಅವನು ಹೋದರೂ ನೀವು ಸೋತಂತಾಗುವುದಿಲ್ಲ. ಉಳಿದರೆ, ನಿಮ್ಮ ಯಂತ್ರದ ಸದ್ದಿನಲ್ಲೇ ದೋಷ ಗುರುತಿಸಬಲ್ಲವನೊಬ್ಬ, ಹೊಸಬರಿಗಾಗಿ ಹುಡುಕುವ ಗೋಜಿಲ್ಲದೆ, ನಿಮಗೆ ಸಿಕ್ಕಿರುತ್ತಾನೆ.

ಎಲ್ಲವನ್ನೂ ನೀವೊಬ್ಬರೇ ಕಲಿಸಬೇಕೆಂದಿಲ್ಲ. ಜರ್ಮನಿಯಲ್ಲಿ ಅಪ್ರೆಂಟಿಸ್ ವಾರಕ್ಕೆ ಒಂದೆರಡು ದಿನ ವೃತ್ತಿಶಾಲೆಗೆ ಹೋಗುತ್ತಾನೆ. ಮಿಲ್ಲಿಂಗ್ ಯಂತ್ರವಿಲ್ಲದ ಸಣ್ಣ ಘಟಕವು ಅದಿರುವ ಇನ್ನೊಂದು ಘಟಕದೊಂದಿಗೆ ಕೂಡಿ ಒಬ್ಬನನ್ನೇ ತರಬೇತುಗೊಳಿಸುವ ಪದ್ಧತಿಯೂ ಅಲ್ಲಿದೆ. ಯಾರ ಬಳಿ ಎಷ್ಟು ದಿನ, ಭತ್ಯೆ ಎಷ್ಟು, ಏನೇನು ಕಲಿಸಬೇಕು ಎಂಬುದನ್ನು ಮೊದಲೇ ಲಿಖಿತ ಒಪ್ಪಂದದಲ್ಲಿ ನಮೂದಿಸಿ. ಜರ್ಮನಿಯ ಕಾನೂನು ಒಂದರಿಂದ ನಾಲ್ಕು ತಿಂಗಳ ಪರೀಕ್ಷಾ ಅವಧಿಯನ್ನು ಕಡ್ಡಾಯಗೊಳಿಸಿದೆ. ನಿಮ್ಮ ಒಪ್ಪಂದದಲ್ಲೂ ಅಂಥದ್ದೊಂದು ಅವಧಿ ಇದ್ದರೆ, ಹೊಂದಿಕೆಯಾಗದಿದ್ದಾಗ ಇಬ್ಬರೂ ಮನಸ್ತಾಪವಿಲ್ಲದೆ ಬೇರೆಯಾಗಬಹುದು.