ಮೊಟ್ಟೆ ಹಾಕದೆ, ಮನೆಯಲ್ಲಿರುವ ಸಾಮಾನಿನಲ್ಲೇ ಪೀಚ್ ಕಾಬ್ಲರ್ ಮಾಡುವುದು ಹೇಗೆ? ನಾನು ಮಾಡಿದ್ದು ನಡುವೆ ಹಸಿಯಾಗೇ ಉಳಿಯಿತು

ಕಾಬ್ಲರ್ ಅಂದರೆ ಹಣ್ಣಿನ ಹೋಳು, ಹಿಟ್ಟು ಸೇರಿಸಿ ಓವನ್ನಿನಲ್ಲಿ ಬೇಯಿಸುವ ಅಮೆರಿಕದ ಸಿಹಿ. ನೀವು ಬರೆದಿರುವುದು ಇಷ್ಟು: ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ, ಮೊಟ್ಟೆ ತಿನ್ನುವುದಿಲ್ಲ, ಕಪಾಟಿನಲ್ಲಿ ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಇದೆ, 29 ಔನ್ಸಿನ ಪೀಚ್ ಡಬ್ಬಿ ಇದೆ, ಫ್ರಿಜ್ಜಿನಲ್ಲಿ ಹಾಲು ಬೆಣ್ಣೆ ಇದೆ. 8 ಇಂಚಿನ ಚೌಕ ಗಾಜಿನ ಪಾತ್ರೆಯಲ್ಲಿ ಒಂದು ಸಲ ಮಾಡಿದಿರಿ. ಮೇಲೆ ಕಪ್ಪಾಯಿತು, ನಡುವೆ ಹಿಟ್ಟು ಹಸಿಯಾಗಿತ್ತು, ತಳದಲ್ಲಿ ಬೆಣ್ಣೆ ನಿಂತಿತ್ತು. ಪಾಕದ ಸಮೇತ ಡಬ್ಬಿ ಪೂರ್ತಿ ಸುರಿದೆ ಅಂತಲೂ ಹೇಳಿದ್ದೀರಿ. ಮುಖ್ಯ ತಪ್ಪು ಆಗಿರುವುದು ಅಲ್ಲೇ. ಮೊಟ್ಟೆಯ ಚಿಂತೆ ಬಿಡಿ, ಈ ಬಗೆಯ ಕಾಬ್ಲರಿಗೆ ಮೊದಲಿನಿಂದಲೂ ಮೊಟ್ಟೆ ಬೇಕಿಲ್ಲ.

ನೀವು ನೋಡಿಕೊಂಡು ಮಾಡಿದ್ದು ಅಮೆರಿಕದ ದಕ್ಷಿಣದ ಮನೆಗಳಲ್ಲಿ ಬಾಯಲ್ಲೇ ಹೇಳಿಕೊಡುವ ಅಳತೆ: ಒಂದು ಕಪ್ ಹಿಟ್ಟು, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಒಂದು ಸ್ಟಿಕ್ (8 ಟೇಬಲ್ ಚಮಚ) ಬೆಣ್ಣೆ. ನೆನಪಿಡಲು ಸುಲಭ, ರುಚಿಯೂ ಚೆನ್ನ. ಆದರೆ ಇದನ್ನು ಹೆಚ್ಚಾಗಿ 9x13 ಇಂಚಿನ ದೊಡ್ಡ ಪಾತ್ರೆಯಲ್ಲಿ ಮಾಡುತ್ತಾರೆ. ಅದರ ತಳ 117 ಚದರ ಇಂಚು, ನಿಮ್ಮದು 64. ಅಂದರೆ ಅದೇ ಹಿಟ್ಟು ನಿಮ್ಮ ಪಾತ್ರೆಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಆಳವಾಗಿ ನಿಲ್ಲುತ್ತದೆ. ಅದರ ಮೇಲೆ ಡಬ್ಬಿಯ ಪಾಕ ಬೇರೆ, 29 ಔನ್ಸಿನ ಡಬ್ಬಿಯಲ್ಲಿ ಅದೇ ಒಂದು ಕಪ್ ಮೀರುತ್ತದೆ. ಒಂದು ಕಪ್ ಹಿಟ್ಟಿಗೆ ಎರಡು ಕಪ್ಪಿಗೂ ಹೆಚ್ಚು ನೀರಿನಂಶ ಸೇರಿದರೆ ನಡುವಿನ ಭಾಗ ಬಿಸಿಯೇರಿ ಗಟ್ಟಿಯಾಗುವಷ್ಟರಲ್ಲಿ ಮೇಲಿನ ಸಕ್ಕರೆ ಕೆಂಪಾಗಿ, ಕಪ್ಪಾಗಿ, ಸುಟ್ಟೇ ಹೋಗಿರುತ್ತದೆ. ಕಾಬ್ಲರ್ ಅಂದರೆ ನೀರಿನ ಲೆಕ್ಕ. ಅದೊಂದು ಸರಿಯಾದರೆ ಉಳಿದದ್ದು ಕಷ್ಟವಲ್ಲ.

ನಿಮ್ಮ 8 ಇಂಚಿನ ಪಾತ್ರೆಗೆ ನಾನು ಹೇಳುವ ಅಳತೆ ಇದು. ಮೈದಾ, ಅಂದರೆ ಅಲ್ಲಿನ ಆಲ್ ಪರ್ಪಸ್ ಫ್ಲೋರ್, ಮುಕ್ಕಾಲು ಕಪ್ (90 ಗ್ರಾಂ). ಸಕ್ಕರೆ ಅರ್ಧ ಕಪ್ (100 ಗ್ರಾಂ). ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ. ಉಪ್ಪು ಕಾಲು ಟೀ ಚಮಚ, ಬೆಣ್ಣೆಯಲ್ಲೇ ಉಪ್ಪಿದ್ದರೆ ಒಂದು ಚಿಟಿಕೆ ಸಾಕು. ಹಾಲು ಮುಕ್ಕಾಲು ಕಪ್ (180 ಮಿಲಿ), ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟಿದ್ದು. ಬೆಣ್ಣೆ 6 ಟೇಬಲ್ ಚಮಚ (85 ಗ್ರಾಂ). ಸ್ಟಿಕ್ಕಿನ ಕಾಗದದ ಮೇಲೆ ಎಂಟು ಗೆರೆ ಇರುತ್ತವೆ, ಆರನೇ ಗೆರೆಗೆ ಕತ್ತರಿಸಿದರೆ ಆಯಿತು. ಪೀಚ್ ಒಂದು ಡಬ್ಬಿ, ಪಾಕ ಬಸಿದು. ಬಸಿದ ಮೇಲೆ ಎರಡರಿಂದ ಎರಡೂವರೆ ಕಪ್ ಹೋಳು ಸಿಗುತ್ತದೆ. ಪಾಕದಲ್ಲಿ ಕಾಲು ಕಪ್ ಮಾತ್ರ ಎತ್ತಿಡಿ. ಚಕ್ಕೆ ಪುಡಿ ಅರ್ಧ ಟೀ ಚಮಚ. ಏಲಕ್ಕಿ ಇದ್ದರೆ ಕಾಲು ಟೀ ಚಮಚ ಹಾಕಿ ನೋಡಿ, ಪೀಚಿಗೆ ಏಲಕ್ಕಿ ಬಹಳ ಒಪ್ಪುತ್ತದೆ.

ಇಲ್ಲಿ ಕಪ್ ಅಂದರೆ 240 ಮಿಲಿ, ಟೀ ಚಮಚ 5 ಮಿಲಿ, ಟೇಬಲ್ ಚಮಚ 15 ಮಿಲಿ. ಊಟದ ಚಮಚ, ಕಾಫಿ ಲೋಟ ನಂಬಬೇಡಿ. ಮೈದಾ ಚೀಲದೊಳಗೆ ಕಪ್ಪನ್ನೇ ಅದ್ದಿ ತೆಗೆದರೆ ಹಿಟ್ಟು ಒತ್ತಿಕೊಂಡು ಕಾಲು ಭಾಗ ಹೆಚ್ಚೇ ಬರುತ್ತದೆ. ಚಮಚದಿಂದ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ. ಚೀಲದ ಮೇಲೆ ಸೆಲ್ಫ್ ರೈಸಿಂಗ್ ಅಂತ ಬರೆದಿದ್ದರೆ ಬೇಕಿಂಗ್ ಪೌಡರ್, ಉಪ್ಪು ಎರಡೂ ಅದರಲ್ಲೇ ಇವೆ, ಮತ್ತೆ ಹಾಕಬೇಡಿ. ಅಮೆರಿಕದ ದಕ್ಷಿಣದವರು ವೈಟ್ ಲಿಲಿ ಎಂಬ ಬ್ರಾಂಡಿನದ್ದನ್ನು ಹುಡುಕಿ ತರುವುದು ಹೆಚ್ಚಾಗಿ ಅಂಥದ್ದನ್ನೇ. ಅದು ಮೆದು ಗೋಧಿಯದ್ದು, ಪ್ರೋಟೀನ್ ಕಡಿಮೆ, ಹಾಗಾಗಿ ಕಾಬ್ಲರ್ ಇನ್ನಷ್ಟು ಮೆತ್ತಗೆ ಬರುತ್ತದೆ. ಸಾಮಾನ್ಯ ಮೈದಾದಲ್ಲೂ ಒಳ್ಳೆಯ ಕಾಬ್ಲರ್ ಆಗುತ್ತದೆ, ಅದಕ್ಕಾಗಿ ಅಂಗಡಿಗೆ ಓಡುವ ಅಗತ್ಯವಿಲ್ಲ.

ಮೊದಲು ಓವನ್ 350 ಡಿಗ್ರಿ ಫ್ಯಾರನ್‌ಹೀಟಿಗೆ (177 ಸೆಲ್ಸಿಯಸ್) ಇಟ್ಟು ಪೂರ್ತಿ ಬಿಸಿಯಾಗಲು ಬಿಡಿ. ಓವನ್ನಿನೊಳಗಿನ ಜಾಲರಿ ತಟ್ಟೆಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗೆ ಇರಿಸಿ. ಓವನ್ ಬಿಸಿಯೇರುವ ಹೊತ್ತಿನಲ್ಲಿ ಎಷ್ಟೋ ಓವನ್‌ಗಳಲ್ಲಿ ಮೇಲಿನ ಕಾಯಿಲೂ ಉರಿಯುತ್ತದೆ. ಆಗಲೇ ಪಾತ್ರೆ ಒಳಗಿಟ್ಟರೆ ನೇರ ಕಾವು ತಾಗಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ. ಗಾಜಿನ ಪಾತ್ರೆಗಂತೂ ಅದು ಅಪಾಯವೇ.

ಹಳಬರು ಬೆಣ್ಣೆಯನ್ನು ಪಾತ್ರೆಯಲ್ಲೇ ಹಾಕಿ ಓವನ್ನಿನಲ್ಲೇ ಕರಗಿಸುತ್ತಾರೆ. ಲೋಹದ ಪಾತ್ರೆ ಅಥವಾ ಕಬ್ಬಿಣದ ಬಾಣಲೆಯಾದರೆ ಹಾಗೇ ಮಾಡಿ, ಕರಗಿದ ತಕ್ಷಣ ಹೊರಗೆ ತೆಗೆಯಿರಿ. ನಿಮ್ಮದು ಗಾಜು. ಕಾದ ಗಾಜಿಗೆ ತಣ್ಣನೆಯ ಹಿಟ್ಟು ಬಿದ್ದರೆ ಒಡೆಯಬಹುದು. ಅದಕ್ಕೆ ಬೆಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಕೋಣೆಯ ಬಿಸಿಯಲ್ಲಿರುವ ಗಾಜಿನ ಪಾತ್ರೆಗೆ ಸುರಿದು ಮೂಲೆ ಮೂಲೆಗೂ ಹರಡಿ.

ಇನ್ನೊಂದು ಬಟ್ಟಲಲ್ಲಿ ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪು, ಏಲಕ್ಕಿ ಬೆರೆಸಿ. ಹಾಲನ್ನು ಎರಡು ಸಲಕ್ಕೆ ಹಾಕಿ ಕಲಸಿ. ಹದ ಹೇಳಬೇಕೆಂದರೆ ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಸೆಟ್ ದೋಸೆ ಹಿಟ್ಟಿಗಿಂತ ತೆಳು. ಸಣ್ಣ ಗಂಟು ಒಂದೆರಡು ಉಳಿದರೆ ಪರವಾಗಿಲ್ಲ. ನುಣ್ಣಗಾಗಲಿ ಅಂತ ಬಹಳ ಹೊತ್ತು ತಿರುವಿದರೆ ಗ್ಲುಟೆನ್ (ಮೈದಾದ ಅಂಟು ಪ್ರೋಟೀನ್) ಬಿಗಿದು, ಬೆಂದ ಮೇಲೆ ಜಗಿಯುವ ಹಾಗಾಗುತ್ತದೆ. ಇದನ್ನು ಬೆಣ್ಣೆಯ ನಡುವಿಗೆ ನಿಧಾನವಾಗಿ ಸುರಿಯಿರಿ. ಹಿಟ್ಟು ಕೆಳಗಿಳಿಯುತ್ತದೆ, ಬೆಣ್ಣೆ ಸರಿದು ನಾಲ್ಕೂ ಅಂಚಿನಲ್ಲಿ ಹೊಂಬಣ್ಣದ ಗೆರೆಯಾಗಿ ಮೇಲೆ ಬರುತ್ತದೆ, ಅಲ್ಲಲ್ಲಿ ಹಿಟ್ಟಿನ ಮೇಲೂ ತೇಲುತ್ತದೆ. ಕಲಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಚಮಚ ಹಾಕಬೇಡಿ. ಅಂಚಿನಲ್ಲಿ ನಿಂತ ಈ ಬೆಣ್ಣೆಯಲ್ಲೇ ಹಿಟ್ಟಿನ ಬದಿ ಕರಿದಂತೆ ಬೆಂದು ಗರಿಗರಿಯಾಗುವುದು. ಕಲಸಿದರೆ ಆ ಅಂಚು ಸಿಗುವುದಿಲ್ಲ, ಜಿಡ್ಡುಜಿಡ್ಡಾದ ಒಂದು ಕೇಕ್ ಸಿಗುತ್ತದೆ.

ಪೀಚ್ ಹೋಳುಗಳನ್ನು ಮೇಲೆ ಒಂದೊಂದಾಗಿ ಹರಡಿ, ನಡುವೆ ಗುಡ್ಡೆ ಹಾಕಬೇಡಿ. ಎತ್ತಿಟ್ಟ ಪಾಕ ಚಿಮುಕಿಸಿ, ಚಕ್ಕೆ ಪುಡಿ ಉದುರಿಸಿ ಒಳಗಿಡಿ. ಹೋಳು ಭಾರಕ್ಕೆ ಕೆಳಗಿಳಿಯುತ್ತವೆ, ಬೇಕಿಂಗ್ ಪೌಡರಿನ ಗಾಳಿಗೆ ಹಿಟ್ಟು ಮೇಲೇಳುತ್ತದೆ. ಸುಮಾರು ಇಪ್ಪತ್ತು ನಿಮಿಷಕ್ಕೆ ಬಾಗಿಲಿನ ಗಾಜಿನಿಂದ ನೋಡಿದರೆ ಅಂಚು ಉಬ್ಬಿ ಹಣ್ಣನ್ನು ಮುಚ್ಚುತ್ತಾ ಬರುವುದು ಕಾಣುತ್ತದೆ. ನಡು ಇನ್ನೂ ದ್ರವವಾಗೇ ಇರುತ್ತದೆ, ಬಾಗಿಲು ತೆರೆಯಬೇಡಿ.

ಒಟ್ಟು 45ರಿಂದ 50 ನಿಮಿಷ ಹಿಡಿಯುತ್ತದೆ. ಬಣ್ಣ ನೋಡಿ ತೆಗೆಯುವುದೇ ಬಹಳ ಜನ ಮಾಡುವ ತಪ್ಪು, ಏಕೆಂದರೆ ಅಂಚು ನಡುವಿಗಿಂತ ಹತ್ತು ಹದಿನೈದು ನಿಮಿಷ ಮೊದಲೇ ಕೆಂಪಾಗಿರುತ್ತದೆ. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ, ನಡು ತುಳುಕಬಾರದು. ಟೂತ್‌ಪಿಕ್ ಚುಚ್ಚುವಾಗ ಹಣ್ಣಿಲ್ಲದ ಜಾಗ ಹುಡುಕಿ ಚುಚ್ಚಿ, ಹಣ್ಣಿಗೆ ಚುಚ್ಚಿದರೆ ಯಾವಾಗಲೂ ಒದ್ದೆಯಾಗೇ ಬರುತ್ತದೆ. ಥರ್ಮಾಮೀಟರ್ ಇದ್ದರೆ ನಡುವಿನ ಹಿಟ್ಟು 200 ಡಿಗ್ರಿ ಫ್ಯಾರನ್‌ಹೀಟ್ (93 ಸೆಲ್ಸಿಯಸ್) ಮುಟ್ಟಬೇಕು. ಅಷ್ಟರೊಳಗೆ ಮೇಲೆ ಕಪ್ಪಾಗುವಂತಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಅಂಟದಂತೆ ಸಡಿಲವಾಗಿ ಹೊದಿಸಿ, ಬೇಯಿಸುವುದು ಮುಂದುವರಿಸಿ. ಬೇಗ ಆಗಲಿ ಅಂತ ಉರಿ ಏರಿಸಿದರೆ ಹಿಂದಿನ ಕಥೆಯೇ ಮರಳುತ್ತದೆ.

ಹೊರಗೆ ತೆಗೆದ ಕೂಡಲೇ ಬದಿಗಳಲ್ಲಿ ಬೆಣ್ಣೆ ಗುಳುಗುಳು ಅನ್ನುತ್ತಿರುತ್ತದೆ, ರಸ ತೆಳುವಾಗಿರುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. 20 ನಿಮಿಷ ಹಾಗೇ ಬಿಡಿ. ಬೆಣ್ಣೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ, ಮೈದಾದ ಪಿಷ್ಟ ಆರುತ್ತಾ ರಸವನ್ನು ಹಿಡಿದು ಗಟ್ಟಿ ಮಾಡುತ್ತದೆ. ನಿಮ್ಮ ತಳದಲ್ಲಿ ನಿಂತ ಬೆಣ್ಣೆಗೆ ಅರ್ಧ ಕಾರಣ ಹಸಿ ಹಿಟ್ಟು, ಇನ್ನರ್ಧ ಬಹುಶಃ ಈ ಕಾಯುವಿಕೆ ಇಲ್ಲದ್ದು. ಪಾತ್ರೆಯನ್ನು ತಂತಿ ಜಾಲರಿಯ ಮೇಲೋ ದಪ್ಪ ಬಟ್ಟೆಯ ಮೇಲೋ ಇಡಿ. ಒದ್ದೆ ಕಲ್ಲಿನ ಮೇಲೆ ಬಿಸಿ ಗಾಜು ಇಡಬೇಡಿ.

ಅಡುಗೆಮನೆಯ ಹೆಸರುಗಳಲ್ಲಿ ನಮ್ಮವರು ಎಡವುವ ಜಾಗಗಳು ಕೆಲವಿವೆ. ಊರಿನಲ್ಲಿ ನಾವು ಕಾರ್ನ್‌ಫ್ಲೋರ್ ಅನ್ನುವ ಬಿಳಿ ಪಿಷ್ಟಕ್ಕೆ ಅಮೆರಿಕದಲ್ಲಿ ಕಾರ್ನ್‌ಸ್ಟಾರ್ಚ್ ಅನ್ನುತ್ತಾರೆ. ಅಲ್ಲಿ ಕಾರ್ನ್ ಫ್ಲೋರ್ ಕೇಳಿದರೆ ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟೇ ಸಿಗುತ್ತದೆ, ರಸ ಗಟ್ಟಿ ಮಾಡಲು ಅದು ಸರಿಹೋಗುವುದಿಲ್ಲ. ಬೇಕಿಂಗ್ ಪೌಡರಿನ ಬದಲು ಅಷ್ಟೇ ಅಡುಗೆ ಸೋಡಾ ಹಾಕಬಾರದು. ಹುಳಿ ಸಿಗದೆ ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ, ಬ್ಲೂಬೆರಿ ಹಾಕಿದ್ದರೆ ಅದರ ಸುತ್ತ ಹಿಟ್ಟು ಹಸಿರುಹಸಿರಾಗುತ್ತದೆ. ಸೋಡಾ ಒಂದೇ ಇದ್ದರೆ ಹಾಲಿನ ಜಾಗದಲ್ಲಿ ಅಷ್ಟೇ ಹುಳಿ ಮಜ್ಜಿಗೆ ಬಳಸಿ, ಸೋಡಾ ಕಾಲು ಟೀ ಚಮಚಕ್ಕಿಂತ ಚೂರು ಹೆಚ್ಚು ಸಾಕು. ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಜೋರಾಗಿ ನೊರೆ ಬರದಿದ್ದರೆ ಎಸೆಯಿರಿ, ಅದರಿಂದ ಮಾಡಿದ್ದು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ.

ನೀವು ಸಸ್ಯಾಹಾರಿಗಳಾಗಿದ್ದರೆ ಇದನ್ನೂ ಹೇಳಿಬಿಡಬೇಕು. ಕಾಬ್ಲರಿಗೆ ಹೀಗೆ ಹಿಟ್ಟು ಸುರಿಯುವ ಬದಲು ಅಂಗಡಿಯ ರೆಡಿಮೇಡ್ ಪೈ ಕ್ರಸ್ಟ್ (ಲಟ್ಟಿಸಿದ ಹಿಟ್ಟಿನ ಹಾಳೆ) ಹೊದಿಸುವವರೂ ಇದ್ದಾರೆ. ಕೆಲವು ಕ್ರಸ್ಟ್‌ಗಳಲ್ಲಿ ಲಾರ್ಡ್, ಅಂದರೆ ಹಂದಿಯ ಕೊಬ್ಬು, ಇರುತ್ತದೆ. ಪೊಟ್ಟಣದ ಹಿಂಬದಿ ಓದಿ ಕೊಳ್ಳಿ, ಹೋಟೆಲಿನಲ್ಲಿ ಕೇಳಿ ತಿನ್ನಿ.

ಮತ್ತೊಂದು ದಾರಿ ಬಿಸ್ಕೆಟ್ ಕಾಬ್ಲರ್. ಅಲ್ಲಿನ ಬಿಸ್ಕೆಟ್ ನಮ್ಮ ಚಹಾದ ಬಿಸ್ಕತ್ತಲ್ಲ, ಮೆತ್ತಗಿನ ಬನ್ನಿನಂಥದ್ದು. ಒಂದು ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಒಂದು ಟೇಬಲ್ ಚಮಚ ಸಕ್ಕರೆ, ಚೂರು ಉಪ್ಪಿಗೆ 4 ಟೇಬಲ್ ಚಮಚ ತಣ್ಣನೆಯ ಬೆಣ್ಣೆ ಉದುರಿಸಿ ತಿಕ್ಕಿ, ಅರ್ಧ ಕಪ್ ಹಾಲಿನಲ್ಲಿ ಒರಟಾಗಿ ಕಲಸಿ, ಚಮಚದಿಂದ ಹಣ್ಣಿನ ಮೇಲೆ ಹಾಕುವುದು. ಇದರಲ್ಲಿ ಹಿಟ್ಟು ಮೇಲೆ, ಹಣ್ಣು ಕೆಳಗೆ, ಆದ್ದರಿಂದ ರಸ ಗಟ್ಟಿಯಾಗಲು ಹಣ್ಣಿಗೆ ಒಂದು ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್ ಬೇಕೇ ಬೇಕು. ಹಣ್ಣು ಕುದಿಯುತ್ತಿರುವಾಗಲೇ ಹಿಟ್ಟು ಹಾಕಬೇಕು. ತಣ್ಣನೆಯ ಹಣ್ಣಿನ ಮೇಲೆ ಹಾಕಿದರೆ ಉಂಡೆಯ ಅಡಿಭಾಗ ಬೇಯದೆ ಅಂಟಂಟಾಗಿ ಉಳಿಯುತ್ತದೆ. ಓವನ್ 400 ಡಿಗ್ರಿ ಫ್ಯಾರನ್‌ಹೀಟ್, 25 ನಿಮಿಷದ ಆಸುಪಾಸು. ಚೆನ್ನಾಗಿರುತ್ತದೆ, ಆದರೆ ಮೊದಲು ಹಿಟ್ಟು ಸುರಿಯುವ ಬಗೆಯನ್ನೇ ಕೈಗೆ ತಂದುಕೊಳ್ಳಿ.

ಹಣ್ಣು ಬದಲಾಯಿಸಿದರೆ ನೀರಿನ ಲೆಕ್ಕವೂ ಬದಲಾಗುತ್ತದೆ. ಡಬ್ಬಿಯ ಪೀಚ್ ಸಾಮಾನ್ಯವಾಗಿ ಬೀಜಕ್ಕೆ ತಿರುಳು ಅಂಟಿಕೊಂಡಿರುವ ಕ್ಲಿಂಗ್ ಜಾತಿಯದು, ತಿರುಳು ಗಟ್ಟಿ, ಬೆಂದರೂ ಹೋಳು ಹೋಳಾಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ತಾಜಾ ಪೀಚ್ ಸಿಕ್ಕರೆ ನಾಲ್ಕು ದೊಡ್ಡ ಹಣ್ಣು ತೆಗೆದುಕೊಳ್ಳಿ. ಕುದಿಯುವ ನೀರಲ್ಲಿ ಒಂದು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ಜಾರುತ್ತದೆ. ಹೋಳು ಮಾಡಿ ಕಾಲು ಕಪ್ ಸಕ್ಕರೆ, ಒಂದು ಟೇಬಲ್ ಚಮಚ ನಿಂಬೆರಸ ಹಾಕಿ ಎರಡು ನಿಮಿಷ ಕುದಿಸಿ, ಬಿಟ್ಟ ರಸದಲ್ಲಿ ಕಾಲು ಕಪ್ ಮಾತ್ರ ಬಳಸಿ. ಫ್ರೋಜನ್ ಬ್ಲೂಬೆರಿ, ಚೆರಿ ಕರಗಿಸದೆ ಹಾಗೇ ಹಾಕಿ, ಪಾಕ ಬೇಡ, ಹತ್ತು ನಿಮಿಷ ಹೆಚ್ಚು ಬೇಯಿಸಿ. ಸೇಬನ್ನು ಹಸಿಯಾಗಿ ಹಾಕಿದರೆ ಕರುಕುರು ಉಳಿಯುತ್ತದೆ, ಬೆಣ್ಣೆಯಲ್ಲಿ ಐದು ನಿಮಿಷ ಬಾಡಿಸಿ. ಪೈ ಫಿಲ್ಲಿಂಗ್ ಎಂಬ ಡಬ್ಬಿಯಲ್ಲಿ ಸಕ್ಕರೆ, ಪಿಷ್ಟ ಆಗಲೇ ಇರುತ್ತವೆ. ಅದಾದರೆ ಹಿಟ್ಟಿನ ಸಕ್ಕರೆಯನ್ನು ಕಾಲು ಕಪ್ಪಿಗೆ ಇಳಿಸಿ. ಇಂಡಿಯನ್ ಅಂಗಡಿಯ ಮಾವಿನ ಪಲ್ಪ್ ಡಬ್ಬಿ ಇದಕ್ಕೆ ಬೇಡವೇ ಬೇಡ, ಅದು ಹಿಟ್ಟಿನಲ್ಲಿ ಬೆರೆತು ಹಲ್ವದಂತೆ ಕೂರುತ್ತದೆ. ಫ್ರೋಜನ್ ಮಾವಿನ ತುಂಡು ಚೆನ್ನಾಗಿ ಬರುತ್ತದೆ.

ಇದನ್ನು ಓದಿ ಊರಿನಲ್ಲಿ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಚಿಕ್ಕ ಓವನ್ನಿನಲ್ಲಿ) ಮಾಡುವವರಿಗೆ: ಅಳತೆ ಇದೇ, 175 ಡಿಗ್ರಿ ಸೆಲ್ಸಿಯಸ್. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ಪಾತ್ರೆಗೆ ಬಹಳ ಹತ್ತಿರ, ಕೆಳಗಿನ ಮೆಟ್ಟಿಲಲ್ಲೇ ಇಟ್ಟು ಅರ್ಧ ಗಂಟೆ ಆದ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ನಮ್ಮ ಸಕ್ಕರೆ ಹರಳು ದಪ್ಪ, ಬೇಗ ಕರಗುವುದಿಲ್ಲ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಮಾವಿನ ಕಾಲದಲ್ಲಿ ಗಟ್ಟಿಯಾದ ಬಾದಾಮಿ ಅಥವಾ ತೋತಾಪುರಿ ಹೋಳು ಹಾಕಿ. ಸೀಕರಣೆಗೆ ಹೇಳಿ ಮಾಡಿಸಿದ ರಸಪುರಿ ಇಲ್ಲಿ ಬರೀ ರಸವಾಗುತ್ತದೆ.

ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಮರುದಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಅಂಚು ಮೆತ್ತಗಾಗುತ್ತದೆ. ಓವನ್ 300 ಡಿಗ್ರಿ ಫ್ಯಾರನ್‌ಹೀಟಿಗೆ ಬಿಸಿಯಾದ ಮೇಲೆ ಬೇಕಾದಷ್ಟು ತುಂಡನ್ನು ಒಂದು ಲೋಹದ ತಟ್ಟೆಗೆ ತೆಗೆದು 15 ನಿಮಿಷ ಇಡಿ, ಗರಿ ಮರಳುತ್ತದೆ. ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಒಳಗೆ ತಳ್ಳಬೇಡಿ.