ಎರಡು ಹಾಡುಗಳ ಬಿಪಿಎಂ ಒಂದೇ ಇದ್ದರೂ ಡಿಜೆ ಮಿಕ್ಸ್ ಗಲಿಬಿಲಿ ಅನ್ನಿಸುವುದೇಕೆ?
ವೇಗ ಕೂಡಿದೆ, ಎಣಿಕೆ ಕೂಡಿಲ್ಲ, ಅದಕ್ಕೇ. ಬಿಪಿಎಂ ಹೇಳುವುದು ನಿಮಿಷಕ್ಕೆ ಎಷ್ಟು ಬೀಟ್ ಅಂತ ಮಾತ್ರ. ಅವುಗಳಲ್ಲಿ ಮೊದಲನೆಯದು ಯಾವುದು ಅಂತಲ್ಲ. ಹೌಸ್, ಟೆಕ್ನೋ ಎಂಬ ಡಾನ್ಸ್ ಸಂಗೀತದ ಹಾಡುಗಳು ನಾಲ್ಕು ನಾಲ್ಕು ಬೀಟಿನ ಲೆಕ್ಕದಲ್ಲಿ ಸಾಗಿ, ಸಾಮಾನ್ಯವಾಗಿ 32 ಬೀಟಿಗೊಮ್ಮೆ ಹೊರಳುತ್ತವೆ: ಹೊಸ ವಾದ್ಯ ಸೇರುತ್ತದೆ, ಇಲ್ಲವೇ ಡ್ರಮ್ ನಿಲ್ಲುತ್ತದೆ. 128 ಬಿಪಿಎಂನಲ್ಲಿ ಇದು 15 ಸೆಕೆಂಡಿಗೊಮ್ಮೆ. ಒಂದು ಹಾಡು ಹೊರಳುವಾಗ ಇನ್ನೊಂದು ನಡುದಾರಿಯಲ್ಲಿದ್ದರೆ, ಭಜನೆಯಲ್ಲಿ ಯಾರೋ ಒಬ್ಬರು ಸಮ ತಪ್ಪಿದ ಹಾಗೆ ಕಿವಿಗೆ ಕಿರಿಕಿರಿ.

ಹೆಡ್‌ಫೋನಿನಲ್ಲಿ ಹೊಸ ಹಾಡನ್ನು ಅದರ ಮೊದಲ ಬೀಟಿಗೆ ತಂದು ನಿಲ್ಲಿಸಿ. ಓಡುತ್ತಿರುವ ಹಾಡನ್ನು ಬಾಯಲ್ಲೇ ಎಣಿಸಿ, 32 ಮುಗಿದು ಮತ್ತೆ ‘ಒಂದು’ ಬಂದ ಕ್ಷಣಕ್ಕೆ ಪ್ಲೇ ಒತ್ತಿ. ಹೊಸ ಹಾಡಿನ ಬೇಸ್ (ತಗ್ಗು ದನಿ) ಗುಂಡಿ ಆಗ ಪೂರ್ತಿ ಇಳಿದಿರಲಿ. ಸಿಂಕ್ ಬಟನ್ ವೇಗವನ್ನು ಹೊಂದಿಸಿಕೊಡುತ್ತದೆ, ಈ ಎಣಿಕೆ ನಿಮ್ಮದೇ ಕೆಲಸ.